ಉರುಳುವ ಪಾರಿವಾಳದ ವಂಶಾವಳಿ

ಶಿರ್ವದ ಮಂಚಕಲ್ಲು ಪೇಟೆಯಿಂದ ಒಂದು ಕೂಗಳತೆ ಒಳಕ್ಕೆ ನಡೆದರೆ, ಗದ್ದೆಯ ಹುಣಿಯ ಮೇಲೆ ನಮ್ಮ ಹಳೆಯ ಮನೆ. ನಾನು ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದಾಗ, ಮುಂಬಯಿಯ ಹೋಟೆಲೊಂದರಲ್ಲಿ ದುಡಿಯುತ್ತಿದ್ದ ನೆರೆಮನೆಯ ಅಣ್ಣನೊಬ್ಬನು ರಜೆಗೆ ಬರುವಾಗ ಒಂದು ಬೆತ್ತದ ಬುಟ್ಟಿಯಲ್ಲಿ ಅಚ್ಚ ಬಿಳಿಯ ಪಾರಿವಾಳವೊಂದನ್ನು ತಂದಿದ್ದನು. ನೋಟಕ್ಕೆ ಬಹು ಸುಂದರವಾದ ಹಕ್ಕಿ. ಅದನ್ನು ಎರಡೂ ಕೈಗಳಲ್ಲಿ ಹಿಡಿದು, ಅತ್ತಿತ್ತ ಮೆಲ್ಲನೆ ಅಲುಗಿಸಿ ಅಂಗಳದಲ್ಲಿ ಬಿಟ್ಟರೆ ಸಾಕು, ತಲೆಯನ್ನು ಹಿಂದಕ್ಕೆಸೆದು ಲಾಗದ ಮೇಲೆ ಲಾಗ ಹಾಕತೊಡಗುತ್ತಿತ್ತು. ಯಾರಾದರೂ ಎತ್ತಿಕೊಂಡು ಮುಖಕ್ಕೆ ಉಫ್ ಎಂದು ಊದಿದರೆ ಮಾತ್ರ ಸುಮ್ಮನಾಗುತ್ತಿತ್ತು. ಊರಿನ ಹುಡುಗರಿಗೆಲ್ಲ ಇದು ಹಬ್ಬ. ಒಂದು ಸಂಜೆ ಅಣ್ಣನು ಪೇಟೆಗೆ ಹೋಗಿದ್ದಾಗ ನಾನೇ ಅದನ್ನು ಎತ್ತಿ ಅಲುಗಿಸಿ ನೆಲಕ್ಕೆ ಬಿಟ್ಟೆ. ಎಷ್ಟು ಲಾಗ ಹಾಕುವುದೋ ನೋಡೋಣವೆಂದು ಎಣಿಸತೊಡಗಿದೆ. ನಲವತ್ತು ದಾಟಿತು. ರೆಕ್ಕೆಯಲ್ಲಿ ಮಣ್ಣು, ಕೊಕ್ಕು ಬಿರಿದಿತ್ತು. ನಾವು ಇನ್ನೂ ನಗುತ್ತಲೇ ಇದ್ದೆವು. ಜಗಲಿಯಿಂದ ಇಳಿದು ಬಂದ ನನ್ನ ಅಜ್ಜಿ ಒಂದೂ ಮಾತಾಡದೆ ಹಕ್ಕಿಯನ್ನು ಸೆರಗಿನಲ್ಲಿ ಎತ್ತಿಕೊಂಡು, ಅದರ ಮುಖಕ್ಕೆ ಊದಿ, ಆಮೇಲೆ ನನ್ನನ್ನು ನೋಡಿ ತುಳುವಿನಲ್ಲಿ ಹೇಳಿದಳು: “ನಿನಗೆ ಆಟ ಮಗಾ, ಅದಕ್ಕಲ್ಲ.”

ಆ ಮಾತು ಮೂವತ್ತಕ್ಕಿಂತ ಹೆಚ್ಚು ವರ್ಷ ನನ್ನೊಳಗೆ ನಿದ್ರಿಸುತ್ತಿತ್ತು. ಅದನ್ನು ಎಬ್ಬಿಸಿದುದು ಒಂದು ಹಾವು.

ಕಳೆದ ವರ್ಷ ಒಂದು ವಿಚಾರಗೋಷ್ಠಿಯ ನಿಮಿತ್ತ ಬೆಂಗಳೂರಿಗೆ ಹೋದವನು ನನ್ನ ಸೋದರಳಿಯನ ಬಾಡಿಗೆಯ ಮನೆಯಲ್ಲಿ ಇಳಿದುಕೊಂಡೆ. ಅವನು ಕಂಪ್ಯೂಟರಿನ ಉದ್ಯೋಗಸ್ಥ, ಬ್ರಹ್ಮಚಾರಿ. ಮನೆಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯೊಂದಿತ್ತು. ಅದರಲ್ಲಿ ಎರಡು ಮೊಳದ ಒಂದು ಹಾವು. ಮೈಗೆ ಹೊನ್ನಿನ ಬಣ್ಣ, ಅದರ ಮೇಲೆ ಜೇಡನ ಬಲೆಯಂತೆ ತೆಳ್ಳನೆಯ ಕಪ್ಪು ಗೆರೆಗಳು. “ಇದು ಬಾಲ್ ಪೈಥಾನ್ ಮಾವ, ಆಫ್ರಿಕದ ಹೆಬ್ಬಾವು. ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ಈ ಬಣ್ಣದ ತಳಿಗೆ ಸ್ಪೈಡರ್ ಎನ್ನುತ್ತಾರೆ. ಸರಕಾರದಲ್ಲಿ ನೋಂದಣಿಯೂ ಆಗಿದೆ,” ಎಂದು ಅವನು ಹೆಮ್ಮೆಯಿಂದ ಹೇಳಿದ. ರಾತ್ರಿ ಅದಕ್ಕೆ ಆಹಾರ ಕೊಡುವ ಹೊತ್ತು. ಚಿಮುಟದಲ್ಲಿ ಹಿಡಿದ ಸತ್ತ ಇಲಿಯತ್ತ ಹಾವು ತಲೆ ನೀಡಿತು. ತಲೆ ನಡುಗಿತು, ವಾಲಿತು, ತಿರುಪಿನ ಮೊಳೆಯಂತೆ ಸುತ್ತಿ ಗಂಟಲು ಮೇಲಾಯಿತು. ಕಚ್ಚಲು ಹೋದ ಬಾಯಿ ಇಲಿಯಿಂದ ಒಂದು ಗೇಣು ಆಚೆಗೆ ಬಿತ್ತು. ಎರಡನೆಯ ಸಲವೂ ತಪ್ಪಿತು. ಮೂರನೆಯ ಸಲ ಸಿಕ್ಕಿತು.

“ಇದಕ್ಕೇನು ಖಾಯಿಲೆ ಮಾರಾಯ?” ಎಂದು ಕೇಳಿದೆ.

“ಖಾಯಿಲೆಯಲ್ಲ ಮಾವ, ಸ್ಪೈಡರ್‌ಗಳೆಲ್ಲ ಹೀಗೆಯೇ. ಅದು ಅವುಗಳ ಸ್ವಭಾವ,” ಎಂದ. ಪಕ್ಕದ ಪೆಟ್ಟಿಗೆಯಲ್ಲಿ ಇನ್ನೊಂದು ಹಾವಿತ್ತು, ಹೆಣ್ಣು. ಬರುವ ಚಳಿಗಾಲಕ್ಕೆ ಅವೆರಡನ್ನೂ ಕೂಡಿಸಿ ಮರಿ ಮಾಡಿಸುವುದೆಂದು ಅವನ ಯೋಚನೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಅಂಗಳದ ಬಿಳಿಯ ಪಾರಿವಾಳ. ಊರಿಗೆ ಮರಳಿದ ಮೇಲೆ, ಕನ್ನಡದ ಅಧ್ಯಾಪಕನಾದ ನಾನು ನನ್ನ ಕ್ಷೇತ್ರವಲ್ಲದ ಕೆಲವು ಪುಸ್ತಕಗಳನ್ನು ಹುಡುಕಿ ಓದಿದೆ. ಓದುತ್ತ ಹೋದಂತೆ ಆ ಪಾರಿವಾಳದ ವಂಶಾವಳಿ ನನ್ನ ಕ್ಷೇತ್ರಕ್ಕೇ ಬಂದು ಸೇರಿತು! ಅದರ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಆ ಹಕ್ಕಿಯ ಹೆಸರು ಲೋಟನ್. ಹಿಂದಿಯಲ್ಲಿ ಲೋಟನಾ ಎಂದರೆ ಉರುಳು, ಹೊರಳು. ಪಾರಿವಾಳದ ವಿನೋದ ನಮ್ಮ ದೇಶಕ್ಕೆ ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳನ್ನು ಹೇಳುವ ಭಾಗವೊಂದಿದೆ. ಅಲ್ಲಿ ಕೋಳಿಯಂಕ, ಟಗರಿನ ಕಾಳಗ, ಕೋಣನ ಕಾಳಗಗಳ ಸಾಲಿನಲ್ಲಿಯೇ ಪಾರಾವತವಿನೋದಕ್ಕೂ ಪ್ರತ್ಯೇಕ ಸ್ಥಾನವುಂಟು. ಆದರೆ ಉರುಳುವ ತಳಿಯ ಸ್ಪಷ್ಟವಾದ ವರ್ಣನೆ ದೊರೆಯುವುದು ಅಕ್ಬರನ ಕಾಲದಲ್ಲಿ. ಅಬುಲ್ ಫಜಲನ ‘ಐನ್-ಎ-ಅಕ್ಬರಿ’ 16ನೆಯ ಶತಮಾನದ ಕೊನೆಯ ದಶಕದ ಗ್ರಂಥ. ಅದರ ಪ್ರಕಾರ ಬಾದಶಹನ ಆಸ್ಥಾನದಲ್ಲಿ 20,000ಕ್ಕೂ ಮಿಕ್ಕಿ ಪಾರಿವಾಳಗಳಿದ್ದುವು; ಅವುಗಳಲ್ಲಿ 500 ಆಯ್ದವು. ಅಕ್ಬರನು ಈ ಆಟಕ್ಕೆ ‘ಇಶ್ಕ್‌ಬಾಜಿ’ ಎಂದು ಹೆಸರಿಟ್ಟಿದ್ದನು, ಎಂದರೆ ಪ್ರೇಮದಾಟ. ಇರಾನ್ ತುರಾನ್‌ಗಳ ಅರಸರು ಅವನಿಗೆ ಹಕ್ಕಿಗಳನ್ನು ಕಾಣಿಕೆಯಾಗಿ ಕಳುಹಿಸುತ್ತಿದ್ದರು. ಆಯ್ದ ಹಕ್ಕಿಯೊಂದು 15 ಸುತ್ತು ಹಾಗೂ 70 ಲಾಗಗಳನ್ನು ಹಾಕಬಲ್ಲುದೆಂದು ಅಬುಲ್ ಫಜಲನು ಲೆಕ್ಕ ಕೊಡುತ್ತಾನೆ. ತಳಿತಳಿಗಳನ್ನು ಬೆರಸಿ ಬಾದಶಹನು ಅವುಗಳನ್ನು ಆಶ್ಚರ್ಯಕರವಾಗಿ ಉತ್ತಮಪಡಿಸಿದನೆಂದು ಹೊಗಳುತ್ತಾನೆ. ಅದೇ ಪುಟಗಳಲ್ಲಿ ಲೋಟನ್ ಹಕ್ಕಿಯೂ ಬರುತ್ತದೆ: ಅಲುಗಿಸಿ ನೆಲಕ್ಕೆ ಬಿಟ್ಟರೆ ಉರುಳುವ ಹಕ್ಕಿ.

ಓದುತ್ತಿದ್ದ ನಾನು ಇಲ್ಲಿ ಪುಸ್ತಕವನ್ನು ಮಡಿಸಿ ಕುಳಿತೆ. ಅಕ್ಬರನ ದರ್ಬಾರಿನ ಹಕ್ಕಿ ನಾಲ್ಕು ಶತಮಾನಗಳ ಕಾಲ ಉರುಳುತ್ತಲೇ ಬಂದು ಶಿರ್ವದ ಅಂಗಳವನ್ನು ಮುಟ್ಟಿತ್ತು. ರಾಜ್ಯಗಳು ಬಿದ್ದುವು, ಭಾಷೆಗಳು ಬದಲಾದುವು, ಹಕ್ಕಿಯ ಸಂಕಟ ಮಾತ್ರ ತಾಯಿಯಿಂದ ಮರಿಗೆ ಸ್ವಲ್ಪವೂ ಮುಕ್ಕಾಗದೆ ದಾಟಿ ಬಂತು. ನಮ್ಮ ಜಿಲ್ಲೆಯಲ್ಲಿ ಅಳಿಯಸಂತಾನದ ಕಟ್ಟು ಎಷ್ಟೋ ತಲೆಮಾರು ನಡೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಬಳಿಕ ಅದು ಸಡಿಲಿತು. ಆಸ್ತಿಯ ಕಟ್ಟನ್ನು ಕಾನೂನು ಸಡಿಲಿಸಬಲ್ಲುದು. ರಕ್ತದಲ್ಲಿ ಬರೆದ ದಾಯವನ್ನು ಸಡಿಲಿಸುವ ಕಾನೂನು ಯಾವುದು?

ಮುಂದಿನ ಅಧ್ಯಾಯದಲ್ಲಿ ನನಗೆ ಚಿರಪರಿಚಿತನಾದ ಒಬ್ಬನು ಎದುರಾದನು. ಕನ್ನಡ ಎಂ. ಎ. ಓದಿದವರೆಲ್ಲ ವಾಲ್ಟರ್ ಎಲಿಯಟ್‌ನ ಹೆಸರನ್ನು ಕೇಳಿಯೇ ಇರುತ್ತಾರೆ. 1803ರಲ್ಲಿ ಸ್ಕಾಟ್‌ಲೆಂಡಿನ ಮನೆತನವೊಂದರಲ್ಲಿ ಹುಟ್ಟಿದ ಈತನು ಮದರಾಸು ಸಿವಿಲ್ ಸೇವೆಗೆ ಸೇರಿ, 1823ರಿಂದ ಸುಮಾರು ಹತ್ತು ವರ್ಷ ಧಾರವಾಡದ ಸೀಮೆಯಲ್ಲಿದ್ದನು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆಯು ಹತನಾದಾಗ, ಅವನ ಸಹಾಯಕರಾದ ಎಲಿಯಟ್ ಮತ್ತು ಸ್ಟೀವನ್‌ಸನ್ ರಾಣಿ ಚೆನ್ನಮ್ಮನ ಸೆರೆಯಾಳುಗಳಾದರು. ಡಿಸೆಂಬರಿನ ಆದಿಯಲ್ಲಿ ಜೀವಸಹಿತ ಬಿಡುಗಡೆ ಹೊಂದಿದರು. ಆ ಮೇಲೆ ಇದೇ ಎಲಿಯಟ್ಟನು ಹಳ್ಳಿಹಳ್ಳಿಯ ಕಲ್ಲುಗಳ ಮೇಲಿನ ಬರಹಗಳನ್ನು ನಕಲು ಮಾಡಿಸಿ 595 ಶಾಸನಗಳ ‘ಕರ್ನಾಟಕ ದೇಶದ ಶಾಸನ’ಗಳೆಂಬ ಸಂಗ್ರಹವನ್ನು ಸಿದ್ಧಪಡಿಸಿದನು. 1837ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವನು ಬರೆದ ಲೇಖನದಿಂದ ಚಾಲುಕ್ಯರ ಚರಿತ್ರೆಗೆ ಮೊದಲ ಹೊರರೇಖೆ ದೊರೆಯಿತು. ಪಾರಾವತವಿನೋದವನ್ನು ಬರೆದ ಸೋಮೇಶ್ವರನ ಮನೆತನವನ್ನು ಕಲ್ಲಿನಿಂದ ಎಬ್ಬಿಸಿದವರಲ್ಲಿ ಈತನು ಮೊದಲಿಗನೆಂದರೆ ತಪ್ಪಲ್ಲ.

ಆದರೆ ಎಲಿಯಟ್ಟನಿಗೆ ಇನ್ನೊಂದು ಮುಖವಿತ್ತು. ಅವನು ಪ್ರಾಣಿಶಾಸ್ತ್ರದ ವ್ಯಾಸಂಗಿ. 1839ರಲ್ಲಿ ಮದರಾಸಿನ ಸಾಹಿತ್ಯ ವಿಜ್ಞಾನ ಪತ್ರಿಕೆಯಲ್ಲಿ ಧಾರವಾಡ ಸೀಮೆಯ ಸಸ್ತನಿಗಳ ಪಟ್ಟಿಯನ್ನು ಪ್ರಕಟಿಸಿದಾಗ, ಆಯಾ ಪ್ರಾಣಿಗೆ ಅಲ್ಲಿನ ಜನರು ಆಡುವ ಹೆಸರುಗಳನ್ನೂ ಕೊಟ್ಟನು. ಶಾಸನವನ್ನು ಓದುವ ಕಣ್ಣು ಹೇಗೋ ಹಾಗೆ, ಕಾಡುಪ್ರಾಣಿಯ ಕನ್ನಡದ ಹೆಸರನ್ನು ಕೇಳುವ ಕಿವಿಯೂ ಅವನಿಗಿತ್ತು. ನಮ್ಮ ಘಟ್ಟಗಳ ಮಣ್ಣಿನೊಳಗೆ ಬದುಕುವ, ವಿಷವಿಲ್ಲದ ಒಂದು ಪುಟ್ಟ ಹಾವಿಗೆ ವಿಜ್ಞಾನಿಗಳು ಅವನ ಹೆಸರನ್ನೇ ಇಟ್ಟಿದ್ದಾರೆ.

1855ರಲ್ಲಿ ಗ್ಲಾಸ್ಗೊ ನಗರದ ವಿಜ್ಞಾನ ಸಮ್ಮೇಳನದಲ್ಲಿ ಈ ಎಲಿಯಟ್ಟನಿಗೆ ಚಾರ್ಲ್ಸ್ ಡಾರ್ವಿನ್ನನ ಭೇಟಿಯಾಯಿತು. ಆ ಕಾಲಕ್ಕೆ ಡಾರ್ವಿನ್ ಜೀವಿಗಳ ಉಗಮದ ವಿಚಾರವಾಗಿ ಸಾಕ್ಷ್ಯಗಳನ್ನು ಕೂಡಿಹಾಕುತ್ತಿದ್ದನು; ತನ್ನ ಮನೆಯಲ್ಲಿಯೇ ಪಾರಿವಾಳಗಳನ್ನು ಸಾಕುತ್ತಿದ್ದನು. 1856ರ ಜನವರಿಯಲ್ಲಿ ಅವನು ಎಲಿಯಟ್ಟನಿಗೆ ಪತ್ರ ಬರೆದು, ಹಿಂದುಸ್ಥಾನದ ಸಾಕುಹಕ್ಕಿಗಳ ಚರ್ಮಗಳನ್ನು ಕಳುಹಿಸಿಕೊಡಬೇಕೆಂದು ಕೇಳಿಕೊಂಡನು. ಮದರಾಸಿನಿಂದ ಚರ್ಮಗಳು ಹೋದುವು. ಅವುಗಳೊಡನೆ ಲೋಟನ್ ಪಾರಿವಾಳವೂ ಹೋಯಿತು. 1859ರ ‘ಜೀವಿಜಾತಿಗಳ ಉಗಮ’ದಲ್ಲಿ ಡಾರ್ವಿನ್ ಎಲಿಯಟ್ಟನಿಗೆ ಕೃತಜ್ಞತೆ ಹೇಳಿದ್ದಾನೆ. ಸಾಕುಪ್ರಾಣಿಗಳ ಮೇಲೆ 1868ರಲ್ಲಿ ಅವನು ಪ್ರಕಟಿಸಿದ ಎರಡು ಸಂಪುಟಗಳ ಗ್ರಂಥದಲ್ಲಿ ಲೋಟನ್ನಿನ ವಿವರವಿದೆ. ಮೆಲ್ಲನೆ ಅಲುಗಿಸಿ ನೆಲಕ್ಕೆ ಬಿಟ್ಟರೆ ಅದು ಲಾಗ ಹಾಕತೊಡಗುತ್ತದೆ. ಎತ್ತಿಕೊಂಡು ಮುಖಕ್ಕೆ ಊದುವವರೆಗೆ ನಿಲ್ಲುವುದಿಲ್ಲ. ಎತ್ತದಿದ್ದರೆ ಸಾಯುವ ತನಕ ಉರುಳುವುದೆಂದು ಜನ ಹೇಳುತ್ತಾರೆ. ಕಲ್ಮಿ ಲೋಟನ್ ಎಂಬ ಇನ್ನೊಂದು ಬಗೆಗೆ ಅಲುಗಿಸುವ ಶ್ರಮವೂ ಬೇಡ, ಕುತ್ತಿಗೆಗೆ ಒಂದು ಕಡ್ಡಿ ತಾಗಿದರೂ ಸಾಕೆಂದು ಎಲಿಯಟ್ಟನು ತಿಳಿಸಿದ್ದನು. 1600ಕ್ಕೂ ಹಿಂದಿನಿಂದ ಈ ಗುಣ ವಂಶಪಾರಂಪರ್ಯವಾಗಿ ಇಳಿದು ಬಂದಿದೆಯೆಂಬುದೇ ಡಾರ್ವಿನ್ನನಿಗೆ ಮುಖ್ಯವಾದ ಸಂಗತಿ. ಅದಕ್ಕೆ ಅವನು ಸಾಕ್ಷಿ ಕರೆದದ್ದು ಐನ್-ಎ-ಅಕ್ಬರಿಯನ್ನೇ.

ಪಾರಿವಾಳಕ್ಕೆ ಲಾಗ ಹಾಕಲು ಯಾರು ಕಲಿಸಿದರು? ಯಾರೂ ಕಲಿಸಿರಲಾರರು ಎಂಬುದು ಡಾರ್ವಿನ್ನನ ಉತ್ತರ. ಎಂದೋ ಒಂದು ಹಕ್ಕಿಯಲ್ಲಿ ಈ ವಿಚಿತ್ರದ ಒಲವು ಕೊಂಚ ತೋರಿರಬೇಕು. ನೋಡಿದವನು ಮೆಚ್ಚಿ ಅದರ ಮರಿಗಳನ್ನು ಉಳಿಸಿಕೊಂಡಿರಬೇಕು. ಆ ಮರಿಗಳಲ್ಲಿ ಹೆಚ್ಚು ಉರುಳಿದುದನ್ನು ಅವನ ಮಗನು ಆರಿಸಿರಬೇಕು. ಹೀಗೆ ಆರಿಸುತ್ತ ಆರಿಸುತ್ತ ತಳಿ ನಿಂತಿತು. ಕಾಡಿನಲ್ಲಾಗಿದ್ದರೆ ಮೊದಲ ದಿನವೇ ಗಿಡುಗನ ಪಾಲಾಗುತ್ತಿದ್ದ ಹಕ್ಕಿ ಮನುಷ್ಯನ ಮೆಚ್ಚುಗೆಯ ದೆಸೆಯಿಂದ ವಂಶೋದ್ಧಾರಕನಾಯಿತು! ಜಗತ್ತಿನ ಬೇರೆಡೆಗಳಲ್ಲಿಯೂ ಇಂಥ ಕಥೆಗಳುಂಟು. ಜಪಾನಿನಲ್ಲಿ ಗಿರಗಿರನೆ ಸುತ್ತುವ ಇಲಿಗಳನ್ನು ನರ್ತಿಸುವ ಇಲಿಗಳೆಂದು ಸಾಕುತ್ತಿದ್ದರು. ಯರ್ಕ್ಸ್ ಎಂಬ ಅಮೆರಿಕದ ವಿದ್ವಾಂಸನು 1907ರಲ್ಲಿ ಅವುಗಳ ಮೇಲೆ ಒಂದು ಪುಸ್ತಕವನ್ನೇ ಬರೆದನು. ಅವು ನರ್ತಿಸುತ್ತಿರಲಿಲ್ಲ, ಒಳಗಿವಿಯ ದೋಷದಿಂದಾಗಿ ಕಿವುಡಾಗಿ, ಸಮತೋಲ ತಪ್ಪಿ ಸುತ್ತುತ್ತಿದ್ದುವು. ನೋಡುವವರು ಇಟ್ಟ ಹೆಸರು ನರ್ತನ.

ಈಗ ಅಳಿಯನ ಹಾವಿಗೆ ಬರೋಣ. ಬಾಲ್ ಪೈಥಾನ್ ಪಶ್ಚಿಮ ಆಫ್ರಿಕದ ಘಾನಾ, ಟೋಗೊ, ಬೆನಿನ್ ಮೊದಲಾದ ದೇಶಗಳ ಹುಲ್ಲುಗಾವಲಿನ ಪ್ರಾಣಿ. ಕಾಡಿನಲ್ಲಿ ಅದರ ಬಣ್ಣ ಕಂದು, ಕಪ್ಪು. ಜೇಡನ ಬಲೆಯ ಗೆರೆಯುಳ್ಳ ಒಂದು ಹಾವು ಆಫ್ರಿಕದಿಂದ ಅಮೆರಿಕದ ಸಾಕಣೆಗಾರರ ಕೈಗೆ ಬಂದುದು 1999ರಲ್ಲಿ. ಅದರ ಮರಿಗಳಲ್ಲಿ ಅರ್ಧಕ್ಕರ್ಧ ಅದೇ ಗೆರೆಯವಾದುವು. ಏಕೆಂದರೆ ತಂದೆಯಿಂದಾಗಲಿ ತಾಯಿಯಿಂದಾಗಲಿ ಒಂದೇ ಪಾಲು ಬಂದರೂ ಈ ಬಣ್ಣ ಮೂಡುತ್ತದೆ. ಆ ಬಣ್ಣದೊಡನೆಯೇ ತಲೆಯ ನಡುಕವೂ ಬಂತು. ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಮೆ. ಆದರೆ ಬಣ್ಣವನ್ನು ಇರಿಸಿಕೊಂಡು ನಡುಕವನ್ನು ತೆಗೆದುಹಾಕಲು ಯಾರಿಗೂ ಸಾಧ್ಯವಾಗಲಿಲ್ಲ. ಬಹುಕಾಲ ಇದನ್ನು ಮಿದುಳಿನ ದೋಷವೆಂದು ಭಾವಿಸಿದ್ದರು. 2022ರಲ್ಲಿ ಜರ್ಮನಿಯ ಸಂಶೋಧಕರು ಇಂಥ ಹಾವುಗಳ ತಲೆಬುರುಡೆಯನ್ನು ಸೂಕ್ಷ್ಮವಾದ ಕ್ಷಕಿರಣ ಯಂತ್ರದಿಂದ ಪರೀಕ್ಷಿಸಿ, ಒಳಗಿವಿಯ ಅರ್ಧವರ್ತುಲದ ನಾಳಗಳೂ, ಸಮತೋಲವನ್ನು ತಿಳಿಸುವ ಪುಟ್ಟ ಚೀಲವೂ ವಿಕಾರಗೊಂಡಿರುವುದನ್ನು ತೋರಿಸಿದರು. ಎಂದರೆ, ಮೇಲು ಯಾವುದು ಕೆಳಗು ಯಾವುದು ಎಂದು ಹಾವಿಗೆ ಹೇಳುವ ಅಂಗವೇ ಸರಿಯಾಗಿ ಬೆಳೆದಿಲ್ಲ.

ಇದು ಎಲ್ಲೋ ದೂರದ ಅಮೆರಿಕದ ಹುಚ್ಚೆಂದು ನಾವು ಸುಮ್ಮನಿರುವಂತಿಲ್ಲ. 2023ರ ಸೆಪ್ಟೆಂಬರ್ 6ರ ರಾತ್ರಿ ಬೆಂಗಳೂರಿನ ವಿಮಾನನಿಲ್ದಾಣದಲ್ಲಿ, ಬ್ಯಾಂಕಾಕಿನಿಂದ ಬಂದ ವಾರಸುದಾರರಿಲ್ಲದ ಪೆಟ್ಟಿಗೆಗಳನ್ನು ಸುಂಕದವರು ತೆರೆದಾಗ 78 ಪ್ರಾಣಿಗಳು ಸಿಕ್ಕಿದುವು. ಬಗೆಬಗೆಯ ಬಣ್ಣಗಳ 55 ಬಾಲ್ ಪೈಥಾನ್‌ಗಳು, 17 ಕಾಳಿಂಗ ಸರ್ಪಗಳು, ಸತ್ತು ಹೋಗಿದ್ದ 6 ಕಪುಚಿನ್ ಕೋತಿಗಳು. ಕಾಳಿಂಗದ ಮನೆಯಾದ ಆಗುಂಬೆ ನಮಗೆ ಘಟ್ಟ ಹತ್ತಿದರೆ ಸಿಗುತ್ತದೆ. ಅಂಥ ನಾಡಿಗೆ ಕಾಳಿಂಗವನ್ನು ಪೆಟ್ಟಿಗೆಯಲ್ಲಿ ತುಂಬಿ ತರುವ ಕಾಲ ಬಂತು. 2022ರಲ್ಲಿ ವನ್ಯಜೀವಿ ಕಾಯಿದೆಗೆ ತಂದ ತಿದ್ದುಪಡಿ, ಅದರಡಿಯಲ್ಲಿ 2024ರಲ್ಲಿ ಬಂದ ನಿಯಮಗಳು ಇಂಥ ಪರದೇಶದ ಪ್ರಾಣಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕು, ಹುಟ್ಟುಸಾವುಗಳನ್ನು ತಿಳಿಸಬೇಕು ಎನ್ನುತ್ತವೆ. ಇದು ಒಳ್ಳೆಯದೇ. ಆದರೆ ಕಳ್ಳಸಾಗಣೆಯನ್ನು ತಡೆಯುವುದು ಬೇರೆ, ಖಾಯಿಲೆಯನ್ನು ಬೇಕೆಂದೇ ಬೆಳೆಸುವುದನ್ನು ತಡೆಯುವುದು ಬೇರೆ. ಜರ್ಮನರ ಭಾಷೆಯಲ್ಲಿ ಎರಡನೆಯದಕ್ಕೆ ‘ಕ್ವಾಲ್‌ತ್ಸುಖ್ಟ್’ ಎಂದು ಒಂದೇ ಪದವಿದೆ, ಎಂದರೆ ಯಾತನೆಯ ಸಂತಾನ. ಅವರ ಪ್ರಾಣಿರಕ್ಷಣೆಯ ಕಾನೂನಿನ 11ಬಿ ಕಲಮು ಅದನ್ನು ನಿಷೇಧಿಸುತ್ತದೆ. ನಮ್ಮ ನುಡಿಯಲ್ಲಿ ಅದಕ್ಕೊಂದು ಪದ ಇನ್ನೂ ಹುಟ್ಟಿಲ್ಲ. ಪದವಿಲ್ಲದ ತಪ್ಪು ಕಣ್ಣಿಗೆ ಬೀಳುವುದು ಕಷ್ಟ.

ಅಳಿಯನೊಡನೆ ದೂರವಾಣಿಯಲ್ಲಿ ನನ್ನ ವಾದ ನಡೆಯಿತು. ಅವನೂ ಬುದ್ಧಿವಂತ. “ಮಾವ, ನೀವು ಹೇಳುವುದನ್ನು ಒಪ್ಪಿದರೆ ಏನನ್ನೂ ಸಾಕುವಂತಿಲ್ಲ. ನಮ್ಮ ಕಂಬಳದ ಕೋಣ, ಮನೆಯ ಹಸು, ಯಾವುದು ಕಾಡಿನಲ್ಲಿದ್ದ ಹಾಗಿದೆ? ನನ್ನ ಹಾವು ಹೊಟ್ಟೆತುಂಬ ತಿನ್ನುತ್ತದೆ, ಹತ್ತಿಪ್ಪತ್ತು ವರ್ಷ ಬದುಕುತ್ತದೆ. ನೋವಿದೆಯೆಂದು ಅದು ಹೇಳಿತೆ? ನಾನು ಅದನ್ನು ಹೊಡೆಯುವುದಿಲ್ಲ, ಬಡಿಯುವುದಿಲ್ಲ, ಪ್ರೀತಿಸುತ್ತೇನೆ,” ಎಂದ.

ಈ ಮಾತುಗಳಲ್ಲಿ ಸತ್ಯವಿಲ್ಲದೆ ಇಲ್ಲ. ಮನುಷ್ಯನು ಸಾಕಿದ ಪ್ರಾಣಿಗಳೆಲ್ಲ ಬದಲಾಗಿವೆ. ಬದಲಾವಣೆಯೇ ಅನ್ಯಾಯವೆಂದು ನಾನು ಹೇಳಲಾರೆ. ಹಾವಿನ ನೋವನ್ನು ಅಳೆಯುವ ತಕ್ಕಡಿಯೂ ನನ್ನಲ್ಲಿಲ್ಲ. ಆದರೆ ಕೋಣವನ್ನು ಬೆಳೆಸಿದವನು ಅದರ ಕಾಲಿಗೆ ಬಲ ಬರಲೆಂದು ಆರಿಸಿದನು. ನಡೆಯಲಾರದ ಕೋಣವನ್ನು ಚಂದವೆಂದು ಆರಿಸಲಿಲ್ಲ. ಹಾವಿಗೆ ಕಾಲಿಲ್ಲ, ರೆಕ್ಕೆಯಿಲ್ಲ, ಹೊರಗಿವಿಯಿಲ್ಲ. ನೆಲವನ್ನು ನಂಬಿ ನೇರವಾಗಿ ಹರಿಯುವುದು, ಗುರಿಯಿಟ್ಟು ಹಿಡಿಯುವುದು, ಇವೇ ಅದರ ಬಾಳು. ಅದನ್ನೇ ಕಸಿದುಕೊಂಡ ಮೇಲೆ ಉಳಿದದ್ದು ಗೆರೆಯ ಚಂದ. ಆ ಚಂದ ನಮಗೆ, ಹಾವಿಗಲ್ಲ.

ಪ್ರೀತಿಯ ಮಾತು ಬಂದಾಗ ನನಗೆ ಜನ್ನನು ನೆನಪಾದನು. 1209ರಲ್ಲಿ ಬರೆದ ‘ಯಶೋಧರ ಚರಿತೆ’ಯನ್ನು ನಾನು ವರ್ಷವರ್ಷವೂ ಪಾಠ ಹೇಳುತ್ತೇನೆ. ತಾಯಿಯ ಒತ್ತಾಯಕ್ಕೆ ಮಣಿದ ಯಶೋಧರನು ಚಂಡಮಾರಿಗೆ ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಹಿಟ್ಟಿಗೆ ನೋವಿಲ್ಲ. ಆದರೂ ಕೊಲ್ಲುವ ಸಂಕಲ್ಪವಿದ್ದುದರಿಂದ ತಾಯಿಮಕ್ಕಳಿಬ್ಬರೂ ಮೃಗಪಕ್ಷಿಗಳ ಜನ್ಮಗಳಲ್ಲಿ ತೊಳಲುತ್ತಾರೆ. ವಿದ್ಯಾರ್ಥಿಗಳು ಪ್ರತಿವರ್ಷವೂ ಕೇಳುತ್ತಾರೆ: ಹಿಟ್ಟಿನ ಕೋಳಿಗೆ ಇಷ್ಟು ದೊಡ್ಡ ಶಿಕ್ಷೆಯೇ? ಅಳಿಯನ ಹಾವು ಆ ಪ್ರಶ್ನೆಯನ್ನು ತಲೆಕೆಳಗಾಗಿ ನಿಲ್ಲಿಸಿತು. ಯಶೋಧರನಲ್ಲಿ ಸಂಕಲ್ಪವಿತ್ತು, ಜೀವವಿರಲಿಲ್ಲ. ಇಲ್ಲಿ ಜೀವವಿದೆ, ಸಂಕಟವಿದೆ. ಸಂಕಲ್ಪ ಮಾತ್ರ ಇಲ್ಲವೆನ್ನುತ್ತೇವೆ. ನಿಜವಾಗಿಯೂ ಇಲ್ಲವೆ?

ಈ ಪ್ರಶ್ನೆಗೆ ಉತ್ತರ ಕೊಡಬೇಕಾದುದು ಇತಿಹಾಸವೇ. ಅಕ್ಬರನ ಪಾರಿವಾಳದವನಿಗೆ ಬೀಜದ ಗುಟ್ಟು ತಿಳಿದಿರಲಿಲ್ಲ. ಎಲಿಯಟ್ಟನು ಕೌತುಕದ ವಸ್ತುವೆಂದು ಹಕ್ಕಿಯನ್ನು ಹಡಗಿಗೆ ಹತ್ತಿಸಿದನು. ಮೆಂಡೆಲನು ಆನುವಂಶಿಕತೆಯ ನಿಯಮಗಳನ್ನು 1866ರಲ್ಲಿ ಅಚ್ಚು ಹಾಕಿಸಿದ್ದರೂ ಲೋಕವು ಅದನ್ನು ಕಂಡುಕೊಂಡದ್ದು 1900ರಲ್ಲಿ. ಡಾರ್ವಿನ್ನನಿಗೆ ಅದರ ನೆರವು ದೊರೆಯಲಿಲ್ಲ. ಅವರನ್ನು ಕಟಕಟೆಗೆ ಎಳೆಯಲು ನನಗೆ ಮನಸ್ಸಿಲ್ಲ. ಅಂಗಳದಲ್ಲಿ ಲಾಗ ಎಣಿಸಿದ ಹುಡುಗನನ್ನೂ ಅಜ್ಜಿ ಕ್ಷಮಿಸಿದಳು, ಏಕೆಂದರೆ ಅವನಿಗೆ ತಿಳಿದಿರಲಿಲ್ಲ. ಆದರೆ ಅವಳು ಹೇಳಿದ ಮರುದಿನ ಅವನು ಮತ್ತೆ ಹಕ್ಕಿಯನ್ನು ಅಲುಗಿಸಿದ್ದರೆ? ಇಂದು ನಮಗೆ ಯಾವ ಬಣ್ಣದ ಜೊತೆ ಯಾವ ದೋಷ ಬರುವುದೆಂದು ತಿಳಿದಿದೆ, ಎಷ್ಟು ಮರಿಗಳಿಗೆ ಬರಬಹುದೆಂದು ತಿಳಿದಿದೆ, ಯಾವ ಅಂಗ ಕೆಟ್ಟಿದೆಯೆಂದೂ ತಿಳಿದಿದೆ. ಇಷ್ಟನ್ನೂ ತಿಳಿದು ಎರಡು ಪೆಟ್ಟಿಗೆಗಳ ಬಾಗಿಲನ್ನು ತೆರೆಯುವ ಕೈಗೆ ಸಂಕಲ್ಪವಿಲ್ಲವೆಂದು ಜನ್ನನು ಒಪ್ಪಲಾರ.

ಇದೆಲ್ಲವನ್ನೂ ನಾನು ಅಳಿಯನಿಗೆ ಉದ್ದನೆಯ ಕಾಗದದಲ್ಲಿ ಬರೆದೆ. ಈಗಿರುವ ಹಾವನ್ನು ಬಿಟ್ಟುಬಿಡೆಂದು ಹೇಳಲಿಲ್ಲ. ಬಿಟ್ಟರೆ ಅದು ಬದುಕದು, ಬದುಕಿದರೂ ಈ ನೆಲ ಅದರದಲ್ಲ. ಅದನ್ನು ಕೊನೆಯ ತನಕ ಸಾಕುವುದು ಅವನ ಧರ್ಮ. ಎತ್ತರದ ಕೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದುಬಿಡು, ಬಿದ್ದೀತು. ಇಲಿಯನ್ನು ಬಾಯಿಗೆ ಹತ್ತಿರ ಹಿಡಿ, ಎಂದು ಮಾತ್ರ ಬರೆದೆ. ಕೊನೆಯಲ್ಲಿ ನಮ್ಮ ಊರಿನ ನಾಗಬನವನ್ನು ನೆನಪಿಸಿದೆ. ಅಲ್ಲಿ ನಾವು ನಾಗನಿಗೆ ತನು ಎರೆಯುತ್ತೇವೆ, ಕೈಮುಗಿಯುತ್ತೇವೆ, ಮರದ ಒಂದು ಗೆಲ್ಲನ್ನೂ ಮುರಿಯದೆ ಹಿಂದಿರುಗುತ್ತೇವೆ. ಹಾವನ್ನು ಅದರ ಪಾಡಿಗೆ ಬಿಡುವುದೇ ನಮ್ಮ ಹಿರಿಯರು ಕಂಡುಕೊಂಡ ಪ್ರೀತಿ.

ತಿಂಗಳೆರಡು ಉತ್ತರ ಬರಲಿಲ್ಲ. ಹುಡುಗನಿಗೆ ಸಿಟ್ಟು ಬಂದಿರಬೇಕೆಂದು ತಂಗಿ ಹೇಳಿದಳು. ಈ ಚೌತಿಗೆ ಅವನು ಊರಿಗೆ ಬಂದನು. ಊಟವಾಗಿ ಜಗಲಿಯಲ್ಲಿ ಕುಳಿತಿದ್ದಾಗ, ಅಂಗಳದ ಕಡೆ ನೋಡುತ್ತ, “ಆ ಪಾರಿವಾಳ ಆಮೇಲೆ ಏನಾಯಿತು ಮಾವ?” ಎಂದು ಕೇಳಿದ.

“ನೆರೆಮನೆಯ ಅಣ್ಣ ಮುಂಬಯಿಗೆ ಮರಳುವಾಗ ಅಜ್ಜಿ ಅದನ್ನು ಕೇಳಿ ಇಟ್ಟುಕೊಂಡಳು. ಒಲೆಯ ಹಿಂದಿನ ಗೂಡಿನಲ್ಲಿ ಇತ್ತು. ಯಾರೂ ಅಲುಗಿಸಬಾರದೆಂದು ಕಟ್ಟಪ್ಪಣೆ ಮಾಡಿದ್ದಳು. ನಾಲ್ಕೈದು ವರ್ಷ ಬದುಕಿತು, ಒಂಟಿಯಾಗಿ,” ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೆಣ್ಣು ಹಾವನ್ನು ಬೇರೆ ಕೋಣೆಯಲ್ಲಿ ಇಟ್ಟಿದ್ದೇನೆ,” ಎಂದ.

ನಾನು ಮತ್ತೆ ಏನನ್ನೂ ಕೇಳಲಿಲ್ಲ.